ಕೈ ಬದಲಾದ ಕಾರು, ಬದಲಾಗದ ಹೆಸರು

ದನದ ಜಾತ್ರೆಯಲ್ಲಿ ಎತ್ತಿನ ವ್ಯಾಪಾರ ನಡೆಯುವುದನ್ನು ಕಂಡವರಿಗೆ ಆ ದೃಶ್ಯ ನೆನಪಿನಲ್ಲಿರುತ್ತದೆ. ದೊಡ್ಡಬಳ್ಳಾಪುರದ ಬಳಿಯ ಘಾಟಿ ಸುಬ್ರಹ್ಮಣ್ಯದ ಜಾತ್ರೆಯೇ ಆಗಲಿ, ಬೇರೊಂದು ಊರಿನದೇ ಆಗಲಿ, ಮಾರುವವನೂ ಕೊಳ್ಳುವವನೂ ನಡುವೆ ನಿಂತ ದಳ್ಳಾಳಿಯೂ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆಯನ್ನು ಏರಿಸುತ್ತಾರೆ, ಇಳಿಸುತ್ತಾರೆ. ಬೆಲೆ ಕುದುರಿತೆಂದರೆ ಹಣ ಈ ಕೈಗೆ, ಹಗ್ಗ ಆ ಕೈಗೆ. ಅಲ್ಲಿಗೆ ಮುಗಿಯಿತು. ಆ ಎತ್ತು ಮಾರನೆಯ ದಿನ ಯಾರದೋ ಹೊಲಕ್ಕೆ ನುಗ್ಗಿ ಪೈರು ಮೇಯ್ದರೆ ತಗಾದೆ ಬರುವುದು ಹಗ್ಗ ಹಿಡಿದವನ ಮನೆಗೆ. ಹಗ್ಗ ಬಿಟ್ಟವನನ್ನು ಯಾರೂ ಕೇಳುವುದಿಲ್ಲ.

ಕಾರನ್ನು ನಾವು ಮಾರುವುದೂ ಬಹುಮಟ್ಟಿಗೆ ಹೀಗೆಯೇ. ಮನೆಯ ಮುಂದೆ ನಿಂತ ಹಳೆಯ ಕಾರನ್ನು ನೋಡಲು ಯಾರೋ ಬರುತ್ತಾರೆ. ಬಾನೆಟ್ಟು ಎತ್ತಿ ಇಣುಕುತ್ತಾರೆ. ಎರಡು ಬೀದಿ ಸುತ್ತಾಡಿಸಿ ತರುತ್ತಾರೆ. ಚೌಕಾಸಿ ಕಾಫಿಯ ಲೋಟದೊಡನೆ ಮುಗಿಯುತ್ತದೆ. ಹಣ ಬಂತು, ಬೀಗದ ಕೈ ಹೋಯಿತು. ಬೀದಿಯ ತಿರುವಿನಲ್ಲಿ ಕಾರು ಮರೆಯಾಗುವುದನ್ನು ಕಂಡು ಮನೆಯವರ ಕಣ್ಣು ಸ್ವಲ್ಪ ತೇವವಾದರೂ ಆಶ್ಚರ್ಯವಿಲ್ಲ. ಆದರೆ ಎತ್ತಿಗೂ ಕಾರಿಗೂ ನಡುವೆ ಒಂದು ಅಂತರವಿದೆ. ಪೈರು ಮೇಯ್ದ ಎತ್ತಿನ ಒಡೆಯನನ್ನು ಯಾರೂ ಸರ್ಕಾರದ ಪುಸ್ತಕ ತೆಗೆದು ಹುಡುಕುವುದಿಲ್ಲ. ಕಾರಿನ ಒಡೆಯನನ್ನು ಹುಡುಕುವುದು ಮಾತ್ರ ಪುಸ್ತಕದಲ್ಲಿಯೇ. ಆ ಪುಸ್ತಕ ಸಾರಿಗೆ ಕಚೇರಿಯಲ್ಲಿದೆ. ಬೀಗದ ಕೈ ಕೊಟ್ಟ ಮಾತ್ರಕ್ಕೆ ಅದರೊಳಗಿನ ಹೆಸರು ಅಳಿಸಿಹೋಗುವುದಿಲ್ಲ.

ಅಂಗಡಿಯ ಮಧ್ಯಸ್ಥಿಕೆಯಿಲ್ಲದೆ ಇಬ್ಬರು ಗೃಹಸ್ಥರ ನಡುವೆ ನಡೆಯುವ ಹಳೆಯ ಕಾರಿನ ಕ್ರಯವನ್ನು ಕಾಗದದ ಮೇಲೆ ಹೇಗೆ ಪೂರ್ಣಗೊಳಿಸಬೇಕು ಎಂಬುದು ಈ ಹೊತ್ತಿನ ನನ್ನ ವಿಷಯ. ಸಾಹಿತ್ಯಾಸಕ್ತರಾದ ಕೇಳುಗರಿಗೆ ಇದು ಒಣ ವಿಷಯವೆನಿಸೀತು. ಫಾರಮ್ಮುಗಳ ಸಂಖ್ಯೆಯಲ್ಲಿ ರಸವೆಲ್ಲಿಂದ ಬರಬೇಕು? ಆದರೂ ‘ಒಡೆಯ’ ಎಂಬ ಒಂದು ಶಬ್ದಕ್ಕೆ, ಒಂದೇ ಕಾಲದಲ್ಲಿ, ಒಂದೇ ವಸ್ತುವಿನ ವಿಷಯದಲ್ಲಿ, ಎರಡು ಬೇರೆ ಬೇರೆ ಅರ್ಥಗಳು ಇರುವುದು ಶಬ್ದಪ್ರಿಯರಿಗೆ ಕುತೂಹಲದ ಸಂಗತಿಯಲ್ಲವೆ?

ಮೊದಲನೆಯ ಅರ್ಥ 1930ರ ಸರಕು ಮಾರಾಟ ಅಧಿನಿಯಮದ್ದು. ಅದರ ಕಣ್ಣಿಗೆ ಕಾರು ಒಂದು ಚರವಸ್ತು. ಮೇಜು, ಕುರ್ಚಿ, ಹೊಲಿಗೆಯ ಯಂತ್ರಗಳ ಹಾಗೆ ಅದೂ ಒಂದು ಸರಕು. ಒಡೆತನವು ಯಾವಾಗ ದಾಟಬೇಕೆಂದು ಇಬ್ಬರೂ ಉದ್ದೇಶಿಸಿದ್ದರೋ ಆಗಲೇ ದಾಟುತ್ತದೆ. ಬೆಲೆ ಸಂದು, ವಸ್ತುವನ್ನು ಒಪ್ಪಿಸಿಕೊಟ್ಟ ಮೇಲೆ ಕೊಂಡವನೇ ಒಡೆಯ. ಸಾರಿಗೆ ಕಚೇರಿಯಲ್ಲಿ ಹೆಸರು ಬದಲಾಗಲಿಲ್ಲವೆಂಬ ಕಾರಣಕ್ಕೆ ಆ ಮಾರಾಟ ಅಸಿಂಧುವಾಗುವುದಿಲ್ಲ.

ಎರಡನೆಯ ಅರ್ಥ ಮೋಟಾರು ವಾಹನಗಳ ಅಧಿನಿಯಮದ್ದು. ನಮ್ಮ ದೇಶದಲ್ಲಿ ಈ ಕಾನೂನಿಗೆ 1914ರಷ್ಟು ಹಳೆಯ ಚರಿತ್ರೆಯಿದೆ. 1939ರಲ್ಲಿ ಅದು ಹೊಸ ರೂಪ ತಾಳಿತು. ಈಗ ನಡೆಯುತ್ತಿರುವುದು 1988ರ ಅಧಿನಿಯಮ, 1989ರ ಜುಲೈ 1ರಿಂದ ಜಾರಿಗೆ ಬಂದದ್ದು. ಇದರ ಎರಡನೆಯ ಪ್ರಕರಣದಲ್ಲಿ ‘ಒಡೆಯ’ ಎಂದರೆ ಯಾರು ಎಂಬ ವಿವರಣೆಯಿದೆ. ಯಾರ ಹೆಸರಿನಲ್ಲಿ ವಾಹನವು ನೋಂದಣಿಯಾಗಿ ನಿಂತಿದೆಯೋ ಅವನೇ ಒಡೆಯ. ಹೆಸರಿರುವಾತ ಅಪ್ರಾಪ್ತ ವಯಸ್ಕನಾದರೆ ಅವನ ಪೋಷಕ. ಸಾಲ ಅಥವಾ ಬಾಡಿಗೆ ಕರಾರಿನ ವಾಹನವಾದರೆ ಆ ಕರಾರಿನ ಮೇಲೆ ಅದನ್ನು ವಶದಲ್ಲಿಟ್ಟುಕೊಂಡವನು. ಇಷ್ಟೇ ವಿನಾಯಿತಿ. ಯಾರು ಹಣ ಕೊಟ್ಟರು, ಯಾರ ಕೊಟ್ಟಿಗೆಯಲ್ಲಿ ಕಾರು ನಿಲ್ಲುತ್ತದೆ, ಯಾರು ದಿನವೂ ಪೆಟ್ರೋಲು ಹಾಕಿಸುತ್ತಾರೆ ಎಂಬ ಪ್ರಶ್ನೆಗಳಿಗೆ ಈ ವಿವರಣೆಯಲ್ಲಿ ಎಡೆಯಿಲ್ಲ.

ಹೀಗೆ ಮಾರಾಟವಾಗಿ ಹೆಸರು ಬದಲಾಗದ ಕಾರಿಗೆ ಇಬ್ಬರು ಒಡೆಯರು. ಒಬ್ಬನಿಗೆ ಕಾರಿನ ಸುಖ, ಇನ್ನೊಬ್ಬನಿಗೆ ಅದರ ಹೊಣೆ.

ನಮ್ಮ ವಿದ್ಯಾವಂತರೂ ಇಲ್ಲಿ ಎಡವುವುದಕ್ಕೆ ಜಮೀನಿನ ವ್ಯವಹಾರದ ರೂಢಿಯೇ ಕಾರಣವಿರಬೇಕೆಂದು ನನ್ನ ಊಹೆ. ಮನೆ, ನಿವೇಶನ, ಹೊಲಗಳನ್ನು ಕೊಳ್ಳುವಾಗ ನಮಗೆ ಪ್ರಾಣಪ್ರಾಯವಾದುದು ಕ್ರಯಪತ್ರ. ಸಬ್‌ರಿಜಿಸ್ಟ್ರಾರರ ಮುಂದೆ ಅದು ನೋಂದಣಿಯಾಯಿತೆಂದರೆ ಎದೆಯ ಭಾರ ಇಳಿಯಿತು. ಖಾತೆ ಬದಲಾವಣೆ ಆಮೇಲಿನ ಮಾತು. ಮುಖ್ಯವಾಗಿ ಅದು ಕಂದಾಯದ ಲೆಕ್ಕಕ್ಕೆ ಸಂಬಂಧಿಸಿದ್ದು, ಒಂದಿಷ್ಟು ತಡವಾದರೂ ಹಕ್ಕಿಗೆ ಧಕ್ಕೆಯಿಲ್ಲ. ಈ ತಿಳಿವಳಿಕೆಯನ್ನೇ ನಾವು ಕಾರಿಗೂ ಹೊದಿಸುತ್ತೇವೆ. ಇ-ಸ್ಟಾಂಪಿನ ಕಾಗದದ ಮೇಲೆ ಒಂದು ಕರಾರು ಬರೆಸಿ, ನೋಟರಿಯವರ ಮೊಹರು ಒತ್ತಿಸಿ, ಬೀರುವಿನಲ್ಲಿಟ್ಟು ನಿಶ್ಚಿಂತರಾಗುತ್ತೇವೆ. ಆರ್.ಸಿ. ಪುಸ್ತಕದ ಹೆಸರು ಖಾತೆಯ ಹಾಗೆ, ಕೊಂಡವರು ಬಿಡುವಾದಾಗ ಮಾಡಿಸಿಕೊಳ್ಳುತ್ತಾರೆ ಎಂದುಕೊಳ್ಳುತ್ತೇವೆ. ಕಾರಿನ ವಿಷಯದಲ್ಲಿ ಈ ಕ್ರಮ ತಲೆಕೆಳಗು. ಕ್ರಯಪತ್ರವೇ ಇಲ್ಲದೆ ಕಾರಿನ ಮಾರಾಟ ಸಿಂಧುವಾಗಬಲ್ಲದು. ಆದರೆ ಆ ‘ಖಾತೆ’ ಬದಲಾಗುವ ತನಕ ಮಾರಿದವನ ಹೊಣೆ ತೀರುವುದಿಲ್ಲ.

ಇದು ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ 2018ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠ ಕೊಟ್ಟ ತೀರ್ಪೊಂದನ್ನು ಹೇಳಬೇಕು. ಒಬ್ಬಾತ 2007ರಲ್ಲಿ ತನ್ನ ಕಾರನ್ನು ಮಾರಿದ. ಕೊಂಡವನು ಮತ್ತೊಬ್ಬನಿಗೆ, ಅವನು ಇನ್ನೊಬ್ಬನಿಗೆ, ಹೀಗೆ ಅದು ಕೈಯಿಂದ ಕೈಗೆ ಹೋಯಿತು. ಪುಸ್ತಕದಲ್ಲಿ ಮಾತ್ರ ಮೊದಲಿನವನ ಹೆಸರೇ ನಿಂತಿತ್ತು. 2009ರ ಮೇ ತಿಂಗಳಲ್ಲಿ ಆ ಕಾರು ಹಿಮ್ಮುಖವಾಗಿ ಚಲಿಸುತ್ತಿದ್ದಾಗ ಬೀದಿಯಲ್ಲಿ ನಡೆದುಹೋಗುತ್ತಿದ್ದ ಇಬ್ಬರಿಗೆ ಬಡಿಯಿತು. ಮಹಿಳೆಯೊಬ್ಬರು ಗಾಯಗೊಂಡರು, ಜತೆಗಿದ್ದ ಅವರ ಬಂಧು ತೀರಿಕೊಂಡ. ಕಾರಿಗೆ ವಿಮೆ ಇರಲಿಲ್ಲ. ಪರಿಹಾರ ಕೊಡಬೇಕಾದವರು ಯಾರು? ಅಪಘಾತ ಪರಿಹಾರ ನ್ಯಾಯಮಂಡಳಿಯು ನೋಂದಾಯಿತ ಒಡೆಯನನ್ನೇ ಹೊಣೆ ಮಾಡಿತು. ಉಚ್ಚ ನ್ಯಾಯಾಲಯವು ಆ ಹೊಣೆಯನ್ನು ಅವನಿಂದ ಇಳಿಸಿ ಅವನ ನಂತರ ಕಾರನ್ನು ಕೊಂಡಿದ್ದ ಒಬ್ಬನ ಮೇಲೆ ಹೊರಿಸಿತು. ಸರ್ವೋಚ್ಚ ನ್ಯಾಯಾಲಯವು ಅದನ್ನು ಒಪ್ಪದೆ, ಪುಸ್ತಕದಲ್ಲಿ ಹೆಸರಿದ್ದವನೇ ಈ ಕಾನೂನಿನ ಮಟ್ಟಿಗೆ ಒಡೆಯ, ಪರಿಹಾರದ ಹೊಣೆಯೂ ಅವನದೇ ಎಂದಿತು.

ಸುಮಾರು ಎರಡು ವರ್ಷ ಹಿಂದೆಯೇ ಕಾರನ್ನು ಕೈಬಿಟ್ಟವನು, ಆ ಬೆಳಿಗ್ಗೆ ಅದು ಎಲ್ಲಿತ್ತೆಂಬುದನ್ನೂ ಅರಿಯದವನು, ಸತ್ತವನಿಗಾಗಿ ತೆರಬೇಕು! ಮೊದಲ ನೋಟಕ್ಕೆ ಇದು ಕಠಿಣವೆನಿಸುತ್ತದೆ. ನ್ಯಾಯಾಲಯದ ತರ್ಕವನ್ನು ಸಾವಧಾನವಾಗಿ ನೋಡಿದರೆ ಮನಸ್ಸು ಒಪ್ಪುತ್ತದೆ. ಪೆಟ್ಟು ತಿಂದವರಿಗೆ ಕಾಣುವುದು ಒಂದು ನಂಬರು ಮಾತ್ರ. ಆ ನಂಬರನ್ನು ಹಿಡಿದು ಅವರು ಪುಸ್ತಕದ ಬಳಿಗೆ ಹೋಗಬಲ್ಲರು. ಅಲ್ಲಿಂದಾಚೆಗೆ ಯಾರು ಯಾರಿಗೆ ಯಾವ ಕಾಫಿಯ ಲೋಟದ ಮುಂದೆ ಮಾರಿದರೆಂಬ ಜಾಡನ್ನು ಹುಡುಕಿಕೊಂಡು ಊರೂರು ಅಲೆಯುವ ಹೊರೆಯನ್ನು ಅವರ ತಲೆಗೆ ಕಟ್ಟುವುದು ಸರಿಯಲ್ಲ. ಕಾಗದವೆಂದರೆ ಮಾರುವವನ ಮತ್ತು ಕೊಳ್ಳುವವನ ರಕ್ಷಣೆಗೆ ಇರುವುದೆಂದು ನಾವು ತಿಳಿಯುತ್ತೇವೆ. ಈ ನೋಂದಣಿ ಪುಸ್ತಕ ಇರುವುದು ಮುಖ್ಯವಾಗಿ ಮೂರನೆಯವನೊಬ್ಬನಿಗಾಗಿ. ಈ ವ್ಯಾಪಾರದಲ್ಲಿ ಪಾಲಿಲ್ಲದ, ಇನ್ನೂ ಮುಖ ಕಾಣದ, ರಸ್ತೆಯ ಅಂಚಿನಲ್ಲಿ ನಡೆದುಹೋಗುತ್ತಿರುವ ಒಬ್ಬನಿಗಾಗಿ.

ಇದನ್ನು ಒತ್ತಿ ಹೇಳುವುದಕ್ಕೆ ಒಂದು ಕಾರಣವಿದೆ. ನಮ್ಮ ಊರುಗಳಲ್ಲಿ ಹಳೆಯ ಕಾರು ಪರಿಚಿತರಿಗೇ ಹೋಗುವುದು ಹೆಚ್ಚು. ಎದುರುಮನೆಯ ಹುಡುಗನಿಗೆ ಹೊಸದಾಗಿ ಕೆಲಸ ಸಿಕ್ಕಿದೆ, ಅಣ್ಣನ ಬೀಗರ ಕಡೆಯವರು ಕೇಳಿದ್ದಾರೆ, ಕಚೇರಿಯ ಸಹೋದ್ಯೋಗಿಗೆ ಬೇಕಾಗಿದೆ. ಇಂಥವರ ಮುಂದೆ ಕಾಗದ ಬರೆದು ಸಹಿ ಕೇಳುವುದೆಂದರೆ ನಾಲಗೆ ಏಳುವುದಿಲ್ಲ. “ನನ್ನ ಮೇಲೆ ನಂಬಿಕೆಯಿಲ್ಲವೆ, ಮಾವ? ಮುಂದಿನ ವಾರ ನಾನೇ ಹೋಗಿ ಹೆಸರು ಮಾಡಿಸಿಕೊಂಡು ಬರುತ್ತೇನೆ” ಎಂದು ಅಳಿಯನಂಥ ಹುಡುಗ ನಗುತ್ತ ಹೇಳಿದರೆ ಯಾವ ಮಾವ ತಾನೆ ಫಾರಮ್ಮು ಮುಂದೆ ಹಿಡಿದಾನು? ಹುಡುಗನ ಪ್ರಾಮಾಣಿಕತೆಯಲ್ಲಿ ಸಂಶಯವಿಲ್ಲ. ಮುಂದಿನ ವಾರ ಮಳೆ, ಅದರ ಮುಂದಿನ ವಾರ ಮದುವೆ, ಆಮೇಲೆ ವರ್ಗಾವಣೆ. ನಂಬಿಕೆ ಹಾಗೆಯೇ ಇರುತ್ತದೆ, ಹೆಸರೂ ಹಾಗೆಯೇ ಇರುತ್ತದೆ. ದಾಕ್ಷಿಣ್ಯ ಇಬ್ಬರ ನಡುವಿನದು. ಅಪಘಾತ ಆ ಇಬ್ಬರನ್ನು ಮೀರಿದ್ದು.

ನನ್ನ ಪರಿಚಯದ ನಿವೃತ್ತ ಅಧ್ಯಾಪಕರೊಬ್ಬರಿಗೆ ಕಾರು ಮಾರಿದ ಮೂರನೆಯ ವರ್ಷ ಬೆಂಗಳೂರಿನ ಸಂಚಾರ ಉಲ್ಲಂಘನೆಯ ನೋಟೀಸುಗಳು ಒಂದರ ಮೇಲೊಂದು ಬರತೊಡಗಿದವು. ಕೆಂಪು ದೀಪ ದಾಟಿದ್ದು, ಪಟ್ಟಿ ಕಟ್ಟಿಕೊಳ್ಳದೆ ಓಡಿಸಿದ್ದು, ಮಿತಿಮೀರಿದ ವೇಗ. ಅವರು ಬದುಕಿನಲ್ಲಿ ನಲವತ್ತರ ವೇಗ ಮೀರಿದವರಲ್ಲ. “ನೀವು ನನಗೆ ಹೇಳದೆ ಎಲ್ಲೆಲ್ಲಿ ತಿರುಗುತ್ತಿದ್ದೀರಿ?” ಎಂದು ಅವರ ಮನೆಯವರು ಹಾಸ್ಯ ಮಾಡುತ್ತಿದ್ದರಂತೆ. ಹಾಸ್ಯಕ್ಕೆ ಒದಗಿದ್ದು ಅವರ ಪುಣ್ಯ. ಕ್ಯಾಮರಾ ಹಿಡಿಯುವುದು ನಂಬರನ್ನು; ದಂಡದ ಚೀಟಿ ಹೋಗುವುದು ಆ ನಂಬರಿನ ಎದುರಿಗಿರುವ ಹೆಸರಿಗೆ. ಓಡಿಸುತ್ತಿದ್ದವನು ಯಾರೆಂದು ಪೊಲೀಸರು ಕೇಳಿದರೆ ತಿಳಿಸುವ ಕರ್ತವ್ಯವೂ ಕಾನೂನಿನಂತೆ ಒಡೆಯನದೇ.

ಹಾಗಾದರೆ ಮಾಡಬೇಕಾದದ್ದು ಏನು? ಅಧಿನಿಯಮದ 50ನೆಯ ಪ್ರಕರಣ ಇಬ್ಬರಿಗೂ ಕೆಲಸ ಹಚ್ಚಿದೆ. ರಾಜ್ಯದೊಳಗಿನ ಮಾರಾಟವಾದರೆ, ಮಾರಿದವನು 14 ದಿನಗಳೊಳಗೆ ನೋಂದಣಿ ಅಧಿಕಾರಿಗೆ ವರದಿ ಮಾಡಿ, ಅದರ ಪ್ರತಿಯೊಂದನ್ನು ಕೊಂಡವನಿಗೂ ಕಳಿಸಬೇಕು. ಕೊಂಡವನು 30 ದಿನಗಳೊಳಗೆ ತಾನು ವಾಸಿಸುವ ಪ್ರದೇಶದ ನೋಂದಣಿ ಅಧಿಕಾರಿಗೆ ವರದಿ ಮಾಡಿ ತನ್ನ ಹೆಸರು ಸೇರಿಸಿಕೊಳ್ಳಬೇಕು. ಮಾರುವವನ ವರದಿಗೆ 29ನೆಯ ನಮೂನೆ, ಹೆಸರು ಬದಲಾವಣೆಯ ಅರ್ಜಿಗೆ 30ನೆಯ ನಮೂನೆ. ಮೂವತ್ತರಲ್ಲಿ ಇಬ್ಬರ ಸಹಿಯೂ ಬೇಕು. ಅದಕ್ಕೆ ಕಾರಿನ ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ಲಿನಿಂದ ಉಜ್ಜಿ ತೆಗೆದ ಅಚ್ಚನ್ನು ಅಂಟಿಸುವ ರೂಢಿಯೊಂದು ಬಹಳ ಕಾಲದಿಂದ ಬಂದಿದೆ. ಚಿಕ್ಕಂದಿನಲ್ಲಿ ನಾಣ್ಯದ ಮೇಲೆ ಕಾಗದವಿಟ್ಟು ಉಜ್ಜಿ ಸಿಂಹಗಳನ್ನು ಮೂಡಿಸಿದವರಿಗೆ ಈ ವಿದ್ಯೆಯನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಈಚೆಗೆ ಅರ್ಜಿಗಳೆಲ್ಲ ಪರಿವಾಹನ ಜಾಲತಾಣದ ಮೂಲಕ ಹೋಗುತ್ತವೆ. ಆಧಾರ್ ದೃಢೀಕರಣದ ಮೇಲೆ ಮನೆಯಿಂದಲೇ ಸಲ್ಲಿಸಬಹುದಾದ ಸೇವೆಗಳ ಪಟ್ಟಿಗೆ 2021ರ ಮಾರ್ಚಿಯಲ್ಲಿ ಹೆಸರು ಬದಲಾವಣೆಯನ್ನೂ ಕೇಂದ್ರ ಸರ್ಕಾರ ಸೇರಿಸಿತು. ದಾರಿ ಯಾವುದಾದರೂ ಗುರಿ ಒಂದೇ. ಸಲ್ಲಿಸಿದ್ದಕ್ಕೆ ಸಿಗುವ ರಸೀದಿಯನ್ನು ಮಾರಿದವರೂ ಒಂದು ಪ್ರತಿ ಇಟ್ಟುಕೊಳ್ಳಬೇಕು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಇಪ್ಪತ್ತೊಂಬತ್ತರ ವರದಿಯೊಂದನ್ನು ಕೊಟ್ಟ ಮಾತ್ರಕ್ಕೆ ಹೆಸರು ಬದಲಾಗಿಬಿಡುವುದಿಲ್ಲ. ಅದು ಮಾರಿದವನು ತನ್ನ ಕರ್ತವ್ಯ ಮಾಡಿದ್ದಕ್ಕೆ ಗುರುತು. ಹೆಸರು ಬದಲಾಗುವುದು ಮೂವತ್ತರ ಅರ್ಜಿ ಪೂರ್ಣಗೊಂಡು ಅಧಿಕಾರಿ ದಾಖಲಿಸಿದಾಗಲೇ. ಆದ್ದರಿಂದ ಮಾರುವವರು ಕೊಳ್ಳುವವರ ಜತೆಯಲ್ಲಿ ತಾವೇ ಕುಳಿತು ಎರಡು ಅರ್ಜಿಗಳನ್ನೂ ಒಂದೇ ದಿನ ಸಲ್ಲಿಸುವುದು ಉತ್ತಮ. ಸಾಧ್ಯವಾದರೆ ಬೆಲೆಯಲ್ಲಿ ಒಂದು ಅಂಶವನ್ನು ಹೆಸರು ಬದಲಾಗುವವರೆಗೆ ಬಾಕಿಯಿಡುವ ಏರ್ಪಾಟನ್ನೂ ಮಾಡಿಕೊಳ್ಳಬಹುದು. ತನಗೆ ಬರಬೇಕಾದ ಹಣವನ್ನೇ ತಡೆದುಕೊಂಡು ಕಾಯುವುದು ವಿಚಿತ್ರವೆಂದು ಮಾರುವವರು ಹೇಳಬಹುದು. ಹಾಗಿದ್ದರೆ ಕೊಳ್ಳುವವರಿಂದ ಒಂದಿಷ್ಟು ಠೇವಣಿ ಪಡೆದು, ಹೆಸರು ಬದಲಾದ ದಿನ ಮರಳಿಸಲಿ. ನೆನಪಿನ ಶಕ್ತಿಗೆ ಠೇವಣಿಗಿಂತ ಒಳ್ಳೆಯ ಔಷಧವನ್ನು ನಾನು ಕಂಡಿಲ್ಲ.

ಈಗ ‘ಓಪನ್ ಪೇಪರ್’ ಎಂಬ ಪದ್ಧತಿಯ ಮಾತು. ಕಾರಿನ ಬಜಾರಿನಲ್ಲಿ ಇದು ಎಲ್ಲರಿಗೂ ಗೊತ್ತಿರುವ ಪದ. 29 ಮತ್ತು 30ನೆಯ ನಮೂನೆಗಳಲ್ಲಿ ಮಾರುವವರ ಸಹಿ ಮಾತ್ರ ಪಡೆದು, ಕೊಳ್ಳುವವರ ಹೆಸರು, ತಾರೀಖು, ಬೆಲೆ, ಎಲ್ಲವನ್ನೂ ಖಾಲಿ ಬಿಟ್ಟು, ಆರ್.ಸಿ.ಯೊಂದಿಗೆ ಆ ಕಾಗದಗಳನ್ನು ದಳ್ಳಾಳಿ ಒಯ್ಯುತ್ತಾನೆ. ಮುಂದೆ ಕಾರು ಎಷ್ಟು ಕೈ ದಾಟಿದರೂ ಅದೇ ಖಾಲಿ ಕಾಗದ ಜತೆಯಲ್ಲಿ ದಾಟುತ್ತದೆ. ಕಾರಣ ಸರಳವಾದದ್ದು. ಪ್ರತಿಯೊಂದು ಬದಲಾವಣೆಗೂ ಶುಲ್ಕವುಂಟು, ಓಡಾಟವುಂಟು. ಅದಕ್ಕಿಂತ ಮಿಗಿಲಾಗಿ, ಪುಸ್ತಕದಲ್ಲಿ ಒಡೆಯರ ಸಂಖ್ಯೆ ಏರಿದಂತೆ ಬೆಲೆ ಇಳಿಯುತ್ತದೆ. ‘ಒಂದೇ ಕೈಯ ಕಾರು’ ಎಂಬ ಹೊಗಳಿಕೆಯನ್ನು ಉಳಿಸಿಕೊಳ್ಳುವುದಕ್ಕಾಗಿ ನಡುವಿನವರು ಯಾರೂ ತಮ್ಮ ಹೆಸರನ್ನು ಪುಸ್ತಕಕ್ಕೆ ಕೊಡುವುದಿಲ್ಲ. ಮಾರಿದವನ ಸಹಿಯೊಂದೇ ಎಲ್ಲರ ನಡುವೆ ನಿರ್ಗತಿಕನಂತೆ ತಿರುಗುತ್ತಿರುತ್ತದೆ. ಖಾಲಿ ಚೆಕ್ಕಿಗೆ ಸಹಿ ಹಾಕಿ ಅಪರಿಚಿತನಿಗೆ ಕೊಡುವವರನ್ನು ನಾವು ಅವಿವೇಕಿಗಳೆನ್ನುತ್ತೇವೆ. ಚೆಕ್ಕಿನಿಂದ ಹೋಗುವುದು ಖಾತೆಯಲ್ಲಿದ್ದಷ್ಟು. ಈ ಸಹಿಯಿಂದ ಹೋಗಬಹುದಾದದ್ದಕ್ಕೆ ಅಂಥ ಮಿತಿಯಿಲ್ಲ. ಕಾರು ಬದಲಿಸಿ ಹೊಸದನ್ನು ಕೊಳ್ಳುವವರು ಹಳೆಯದನ್ನು ಅಂಗಡಿಗೆ ಒಪ್ಪಿಸುವಾಗಲೂ ಇದೇ ಅಪಾಯವಿತ್ತು. ಅದನ್ನು ಮನಗಂಡು ಕೇಂದ್ರ ಸರ್ಕಾರ ನಿಯಮಗಳಿಗೆ ತಿದ್ದುಪಡಿ ತಂದು 2023ರ ಏಪ್ರಿಲ್ 1ರಿಂದ ಅಧಿಕೃತ ವ್ಯಾಪಾರಿಗಳ ವ್ಯವಸ್ಥೆಯನ್ನು ಮಾಡಿತು. ನೋಂದಣಿ ಅಧಿಕಾರಿಯ ಪರವಾನೆ ಪಡೆದ ವ್ಯಾಪಾರಿಗೆ ಕಾರನ್ನು ಒಪ್ಪಿಸಿ, 29-ಸಿ ನಮೂನೆಯಲ್ಲಿ ತಿಳಿಸಿದರೆ, ಆ ವ್ಯಾಪಾರಿಯನ್ನೇ ಒಡೆಯನೆಂದು ಭಾವಿಸಲಾಗುತ್ತದೆ. ಅಂಗಡಿಗೆ ಕೊಡುವವರು ಆ ಪರವಾನೆ ಇದೆಯೇ ಎಂದು ಕೇಳಿ ನೋಡುವುದಕ್ಕೆ ಸಂಕೋಚಪಡಬೇಕಾಗಿಲ್ಲ.

ಇಬ್ಬರ ನಡುವೆ ಬರೆದುಕೊಳ್ಳುವ ಕಾಗದ ನಿರರ್ಥಕವೆಂದು ನಾನು ಹೇಳಿದೆನೆಂದು ತಿಳಿಯಬೇಡಿ. ಅದು ಪುಸ್ತಕದ ಹೆಸರಿಗೆ ಬದಲಾಗಿ ನಿಲ್ಲಲಾರದು, ಅಷ್ಟೇ. ನಾಳೆ ಮಾರಿದವನು ದಂಡವನ್ನೋ ಪರಿಹಾರವನ್ನೋ ತೆತ್ತು, ಅದನ್ನು ಕೊಂಡವನಿಂದ ವಸೂಲು ಮಾಡಬೇಕಾಗಿ ಬಂದರೆ ಅವನ ಕೈಯಲ್ಲಿರುವ ಆಧಾರ ಆ ಕಾಗದವೇ. ಅದನ್ನು ಸರಿಯಾಗಿ ಬರೆಯಬೇಕು. ಇಬ್ಬರ ಪೂರ್ಣ ಹೆಸರು, ವಿಳಾಸ, ಕಾರಿನ ನೋಂದಣಿ ಸಂಖ್ಯೆ, ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆ, ಓಡಿರುವ ಕಿಲೋಮೀಟರು, ಬೆಲೆ ಅಂಕಿಯಲ್ಲಿಯೂ ಅಕ್ಷರದಲ್ಲಿಯೂ, ಹಣ ಬಂದ ಬಗೆ. ಇಷ್ಟನ್ನು ಎಲ್ಲರೂ ಬರೆಯುತ್ತಾರೆ. ಬರೆಯದೆ ಬಿಡುವುದು ಒಪ್ಪಿಸಿದ ಗಳಿಗೆಯನ್ನು. ತಾರೀಖು ಸಾಲದು, ಗಂಟೆ ನಿಮಿಷಗಳೂ ಬೇಕು. ಸಂಜೆ 5ಕ್ಕೆ ಕಾರು ಕೊಟ್ಟಿರಿ. ಬೆಳಿಗ್ಗೆ 11ಕ್ಕೆ ನೀವೇ ಒಂದು ಕೆಂಪು ದೀಪ ದಾಟಿರಬಹುದು, ರಾತ್ರಿ 9ಕ್ಕೆ ಅವರು ಇನ್ನೊಂದನ್ನು ದಾಟಿರಬಹುದು. ಒಂದೇ ದಿನದ ಈ ಎರಡು ದಂಡಗಳನ್ನು ಬೇರ್ಪಡಿಸುವುದು ಆ ಗಳಿಗೆಯೊಂದೇ. ಆ ಗಳಿಗೆಯ ತನಕದ ದಂಡ, ತೆರಿಗೆಗಳು ಮಾರಿದವರವು. ಅದರಾಚೆಯ ಸಮಸ್ತ ಹೊಣೆ ಕೊಂಡವರದು, ಮಾರಿದವರಿಗೆ ನಷ್ಟ ಬಂದರೆ ಕೊಂಡವರು ತುಂಬಿಕೊಡತಕ್ಕದ್ದು ಎಂಬ ವಾಕ್ಯ ಸ್ಪಷ್ಟವಾಗಿರಲಿ. ಕಾರು ಹಿಂದೆ ಅಪಘಾತಕ್ಕೆ ಸಿಕ್ಕಿದ್ದರೆ ಅದನ್ನು ಮರೆಮಾಚದೆ ಬರೆಯುವುದು ಮಾರುವವರಿಗೂ ಕ್ಷೇಮ. ಹೇಳಿ ಮಾರಿದ ದೋಷಕ್ಕೆ ಆಮೇಲೆ ಜಗಳವಿಲ್ಲ. ಎರಡು ಪ್ರತಿ, ಇಬ್ಬರ ಸಹಿ, ಇಬ್ಬರು ಸಾಕ್ಷಿಗಳು. ಗುರುತಿನ ಚೀಟಿಯ ನಕಲನ್ನು ಕೊಡುವಾಗ ಅದರ ಮೇಲೆ ಅಡ್ಡಲಾಗಿ, ಇದು ಇಂಥ ನಂಬರಿನ ಕಾರಿನ ವರ್ಗಾವಣೆಗೆ ಮಾತ್ರ ಎಂದು ಬರೆದು ಕೊಡಬೇಕು.

ಹಣದ ವಿಷಯದಲ್ಲಿ ಒಂದೇ ಮಾತು. 2 ಲಕ್ಷ ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಮೊತ್ತವನ್ನು ಒಂದೇ ವ್ಯವಹಾರಕ್ಕಾಗಿ ನಗದಾಗಿ ಪಡೆಯುವುದನ್ನು ಆದಾಯ ತೆರಿಗೆಯ ಕಾನೂನು 2017ರಿಂದ ನಿಷೇಧಿಸಿದೆ. ದಂಡ ಬೀಳುವುದು ಹಣ ಪಡೆದವನ ಮೇಲೆ, ಅದೂ ಪಡೆದ ಮೊತ್ತದಷ್ಟೇ. ಕಾರನ್ನೂ ಕಳೆದುಕೊಂಡು ಬೆಲೆಯನ್ನೂ ತೆತ್ತಂತೆ! ಬ್ಯಾಂಕಿನ ಮೂಲಕ ಪಡೆದರೆ ಅದೇ ಒಂದು ಸಾಕ್ಷಿಯೂ ಆಗುತ್ತದೆ.

ಇನ್ನು ಕೊಳ್ಳುವವರ ಕಡೆಯ ಮಾತು. ಬಣ್ಣ, ಟೈರು, ಎಂಜಿನ್ನಿನ ಸದ್ದುಗಳನ್ನು ಪರೀಕ್ಷಿಸುವಷ್ಟು ಶ್ರದ್ಧೆಯಿಂದ ಆರ್.ಸಿ.ಯನ್ನು ಓದುವವರು ಕಡಿಮೆ. ಅದರಲ್ಲಿ ಬ್ಯಾಂಕಿನ ಅಥವಾ ಹಣಕಾಸು ಸಂಸ್ಥೆಯ ಹೆಸರು ಇದೆಯೇ ಎಂದು ಮೊದಲು ನೋಡಬೇಕು. ಮಾರುವವರು ಸಾಲವನ್ನು ಎಂದೋ ತೀರಿಸಿರಬಹುದು. ತೀರಿಸಿದ ಸಂತೋಷದಲ್ಲಿ ಪುಸ್ತಕದ ಆ ಸಾಲನ್ನು ತೆಗೆಸುವುದನ್ನು ಮರೆತಿರುವುದೇ ಹೆಚ್ಚು. 35ನೆಯ ನಮೂನೆಯಲ್ಲಿ ಬ್ಯಾಂಕಿನವರ ಸಹಿ ಪಡೆದು ಅದನ್ನು ತೆಗೆಸಬೇಕು. ಚಾಸಿಯ ಮೇಲೆ ಕೊರೆದ ಸಂಖ್ಯೆಯನ್ನು ಆರ್.ಸಿ.ಯ ಸಂಖ್ಯೆಯೊಂದಿಗೆ ಕಣ್ಣಾರೆ ಹೋಲಿಸಬೇಕು. ಖಾಸಗಿ ಕಾರಿನ ನೋಂದಣಿಗೆ 15 ವರ್ಷಗಳ ಆಯುಸ್ಸು. ಆಮೇಲೆ ನವೀಕರಣ ಬೇಕು. ಹದಿನಾಲ್ಕು ವರ್ಷದ ಕಾರನ್ನು ಅಗ್ಗವೆಂದು ಕೊಳ್ಳುವವರು ಆ ಖರ್ಚನ್ನೂ ಬೆಲೆಗೆ ಕೂಡಿಸಿ ನೋಡಲಿ. ಹೊರರಾಜ್ಯದ ಕಾರಾದರೆ ಮೂಲ ಕಚೇರಿಯ ನಿರಾಕ್ಷೇಪಣಾ ಪತ್ರ, ಇಲ್ಲಿನ ತೆರಿಗೆ, ಹೊಸ ನಂಬರು ಎಂದು ಕತೆ ಬೆಳೆಯುತ್ತದೆ. ಅದು ಬೇರೆಯೇ ಒಂದು ಭಾಷಣಕ್ಕೆ ಆಗುವಷ್ಟಿದೆ.

ವಿಮೆಯ ಕಾಗದ ಕಾರಿನ ಡ್ಯಾಶ್‌ಬೋರ್ಡಿನ ಗೂಡಿನಲ್ಲಿಯೇ ಇರುವುದರಿಂದ ಅದೂ ಕಾರಿನೊಡನೆ ಬಂತೆಂದು ಕೊಂಡವರು ಭಾವಿಸುತ್ತಾರೆ. ಅರ್ಧ ಮಾತ್ರ ನಿಜ. ದಾರಿಹೋಕರಿಗೆ ಆಗುವ ಹಾನಿಯ ಮಟ್ಟಿಗೆ ವಿಮೆಯು ಕೊಂಡವರಿಗೆ ತಾನಾಗಿ ವರ್ಗವಾಯಿತೆಂದು ಕಾನೂನು ಭಾವಿಸುತ್ತದೆ. ಇಲ್ಲಿಯೂ ಅದರ ಕಾಳಜಿ ಮೂರನೆಯವನದೇ ಎಂಬುದನ್ನು ಗಮನಿಸಬೇಕು. ಕೊಂಡವರ ಸ್ವಂತ ಕಾರು ಜಖಂ ಆದರೆ ಆ ನಷ್ಟಕ್ಕೆ ಈ ಸೌಲಭ್ಯವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1990ರ ದಶಕದ ನಡುವಿನಲ್ಲಿಯೇ ಹೇಳಿದೆ. 14 ದಿನಗಳೊಳಗೆ ವಿಮಾ ಸಂಸ್ಥೆಗೆ ಬರೆದು ಪಾಲಿಸಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಮಾಲೀಕ-ಚಾಲಕನ ವೈಯಕ್ತಿಕ ಅಪಘಾತ ವಿಮೆಯ ಮೊತ್ತ 2018ರಲ್ಲಿ 15 ಲಕ್ಷ ರೂಪಾಯಿಗೆ ಏರಿತು. ಹೆಸರಿನಲ್ಲೇ ‘ಮಾಲೀಕ’ ಎಂದಿರುವ ಆ ವಿಮೆಯನ್ನು, ಪುಸ್ತಕದಲ್ಲಿ ಮಾಲೀಕನಾಗದವನ ಹೆಂಡತಿ ಮಕ್ಕಳು ಕೇಳುವುದಾದರೂ ಹೇಗೆ? ಹೆಸರು ಬದಲಿಸಿಕೊಳ್ಳುವುದು ಮಾರಿದವರಿಗೆ ಮಾಡುವ ಉಪಕಾರವೆಂದು ತಿಳಿದ ಹುಡುಗರು ಈ ಒಂದು ವಾಕ್ಯವನ್ನು ಮನೆಯಲ್ಲಿ ಓದಿ ಹೇಳಲಿ. ಮಾರಿದವರಿಗೂ ಇಲ್ಲೊಂದು ಸಣ್ಣ ಲಾಭವಿದೆ: ಪರಿಹಾರ ಕೇಳದೆ ಕಳೆದ ವರ್ಷಗಳಿಗೆ ಸಿಗುವ ರಿಯಾಯಿತಿ ಪಾಲಿಸಿದಾರನಿಗೆ ಸೇರಿದ್ದು, ಕಾರಿಗಲ್ಲ, ಅದನ್ನು ಬರೆಸಿಕೊಂಡು ಮುಂದಿನ ಕಾರಿಗೆ ಬಳಸಬಹುದು.

ಗಾಜಿಗೆ ಅಂಟಿಸಿದ ಫಾಸ್ಟ್ಯಾಗನ್ನು ಮರೆಯುವವರೇ ಎಲ್ಲರೂ. ಅದರ ಖಾತೆಯನ್ನು ಅದೇ ದಿನ ಮುಚ್ಚಿಸದಿದ್ದರೆ, ಕೊಂಡವರು ಸಕುಟುಂಬವಾಗಿ ತಿರುಪತಿಗೆ ಹೋಗಿ ಬಂದ ಸುಂಕ ಮಾರಿದವರ ಹಣದಿಂದ ಸಲ್ಲುತ್ತದೆ. ಪುಣ್ಯದಲ್ಲಿ ಪಾಲು ಬರುವುದೋ ಇಲ್ಲವೋ ತಿಳಿಯದು.

ಒಡೆಯರು ತೀರಿಕೊಂಡ ಮನೆಯ ಕಾರಿನ ಬಗ್ಗೆಯೂ ಒಂದೆರಡು ಮಾತು ಸೇರಿಸಬೇಕು. ಅಂಥ ಮನೆಗಳಲ್ಲಿ ಕಾರನ್ನು ಬೇಗನೆ ಮಾರಿಬಿಡುವ ಆತುರವಿರುತ್ತದೆ. ಸತ್ತವರು ಮಾರಲಾರರು, ಅವರ ಸಹಿಯ ಖಾಲಿ ಕಾಗದ ಸಿಕ್ಕಿದರೂ ಅದನ್ನು ಬಳಸುವುದು ಅಪರಾಧ. ವಾಹನ ಯಾರ ವಶಕ್ಕೆ ಬಂದಿತೋ ಅವರು 30 ದಿನಗಳೊಳಗೆ ಮರಣದ ಸಂಗತಿಯನ್ನೂ ತಾವು ವಾಹನವನ್ನು ಬಳಸುವ ಇಚ್ಛೆಯನ್ನೂ ನೋಂದಣಿ ಅಧಿಕಾರಿಗೆ ತಿಳಿಸಿದರೆ ಮೂರು ತಿಂಗಳವರೆಗೆ ಬಳಸಬಹುದು; ಆ ಮೂರು ತಿಂಗಳಲ್ಲಿ 31ನೆಯ ನಮೂನೆಯಲ್ಲಿ ಅರ್ಜಿ ಹಾಕಿ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಆಮೇಲೆ ಮಾರಾಟ. ಬದುಕಿರುವಾಗಲೇ ಆರ್.ಸಿ.ಯಲ್ಲಿ ನಾಮನಿರ್ದೇಶನ ಮಾಡುವ ಅವಕಾಶವೂ 2021ರ ತಿದ್ದುಪಡಿಯಿಂದ ಬಂದಿದೆ. ಬ್ಯಾಂಕಿನ ಪುಸ್ತಕದಲ್ಲಿ ತಪ್ಪದೆ ಬರೆಯುವ ಆ ಹೆಸರನ್ನು ಇಲ್ಲಿಯೂ ಬರೆಸಬಹುದು.

ಎಂದೋ ಮಾರಿದ ಕಾರು ಈಗ ಎಲ್ಲಿದೆಯೋ ಎಂದು ಈ ಮಾತುಗಳನ್ನು ಕೇಳುತ್ತ ಯಾರಿಗಾದರೂ ಕಳವಳವಾಗಿದ್ದರೆ, ತಡವಾದರೂ ವರದಿ ಮಾಡುವ ದಾರಿ ಮುಚ್ಚಿಲ್ಲ. ಮಾರಿದ ದಿನಾಂಕ, ಕೊಂಡವರ ಹೆಸರು ವಿಳಾಸ, ಹಣ ಬಂದ ದಾಖಲೆಗಳನ್ನು ಕೂಡಿಸಿ 29ನೆಯ ನಮೂನೆಯನ್ನು ಈಗಲಾದರೂ ಸಲ್ಲಿಸಬೇಕು. ಕೊಂಡವರಿಗೆ ಸ್ಪೀಡ್ ಪೋಸ್ಟಿನಲ್ಲಿ ಒಂದು ಕಾಗದ ಬರೆದು, ಇಂತಿಷ್ಟು ದಿನಗಳೊಳಗೆ ಹೆಸರು ಬದಲಿಸಿಕೊಳ್ಳಬೇಕೆಂದು ಕೇಳಿ, ಅಂಚೆಯ ರಸೀದಿಯನ್ನು ಇಟ್ಟುಕೊಳ್ಳಬೇಕು. ಅಷ್ಟಕ್ಕೂ ಮೊದಲು ಮಾಡಬಹುದಾದ ಕೆಲಸವೊಂದಿದೆ. ಅದಕ್ಕೆ ಎರಡು ನಿಮಿಷ ಸಾಕು. ಪರಿವಾಹನದ ತಾಣದಲ್ಲಿ ಆ ಹಳೆಯ ನಂಬರನ್ನು ಹಾಕಿ ನೋಡಬಹುದು. ಒಡೆಯರ ಹೆಸರಿನ ಕೆಲವೇ ಅಕ್ಷರಗಳು ಅಲ್ಲಿ ಕಾಣುತ್ತವೆ, ಉಳಿದವು ನಕ್ಷತ್ರದ ಚಿಹ್ನೆಗಳ ಮರೆಯಲ್ಲಿರುತ್ತವೆ. ನಮ್ಮದೇ ಹೆಸರಾಗಿದ್ದರೆ ಅಷ್ಟು ಅಕ್ಷರಗಳಲ್ಲಿಯೇ ಗುರುತು ಹತ್ತುತ್ತದೆ.